ಸದ್ದಿಲ್ಲದ ಪೆಟ್ಟಿಗೆಗೊಂದು ಹೊದಿಕೆ

ಮೇ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ಸ್ಥಳ, ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನ ಮಲಗುವ ಕೋಣೆ. ಹಾಜರಿದ್ದವರು: ನಾನು, ನಮ್ಮ ಮನೆಯವರು, ನಸ್ರೀನ್ ಎಂಬ ಧಾರವಾಡದ ಹುಡುಗಿ, ಮತ್ತು ಅವಳು ತಂದಿದ್ದ ಒಂದು ಪೆಟ್ಟಿಗೆ. ಹೀಗೆ ಶುರು ಮಾಡದೆ ಯಾವ ಸಂಗತಿಯನ್ನೂ ಹೇಳಲು ನನಗೆ ಬರುವುದಿಲ್ಲ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಈಗ ವಾರ್ಡು ಎರಡು ಕೋಣೆಗೆ ಇಳಿದಿದೆ, ರೋಗಿಗಳ ಸಂಖ್ಯೆ ಒಂದಕ್ಕೆ. ಡ್ಯೂಟಿ ಪುಸ್ತಕ ಮಾತ್ರ ಮೊದಲಿನಂತೆಯೇ ನಡೆಯುತ್ತಿದೆ.

ಆ ಒಬ್ಬ ರೋಗಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಮೂಗಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡೇ ಮಲಗಬೇಕು. ಯಂತ್ರಕ್ಕೆ ಕರೆಂಟು ಬೇಕು. ಹೀಗಾಗಿ ನಾಲ್ಕು ವರ್ಷದಿಂದ ಇವರು ಪ್ಲಗ್ಗು ಇಲ್ಲದ ಊರಿಗೆ ಹೋಗಿಲ್ಲ. ಹಳೆಯ ಗೆಳೆಯರು ಪ್ರತಿ ಜೂನ್‌ನಲ್ಲಿ ಕುಮಾವೂಂ ಬೆಟ್ಟದ ಒಂದು ಅರಣ್ಯ ಬಂಗಲೆಗೆ ಹೋಗಿ ಬರುತ್ತಾರೆ. ಅಲ್ಲಿ ಲಾಂದ್ರವೇ ಗತಿ. ಇವರು ಅವರ ಫೋಟೋಗಳನ್ನು ನೋಡಿ, "ಈ ಸಲ ಮಂಜು ಕಡಿಮೆ" ಎಂದು ತಪ್ಪು ಹುಡುಕಿ ಸಮಾಧಾನಪಟ್ಟುಕೊಳ್ಳುತ್ತಾರೆ.

ನಸ್ರೀನ್ ಇಲ್ಲಿ ಸಂಶೋಧನೆ ಮಾಡುತ್ತಾಳೆ; ಭಾನುವಾರ ನಮ್ಮ ಮನೆಯ ಸಾರು-ಅನ್ನಕ್ಕೆ ಬರುತ್ತಾಳೆ. ಶುಕ್ರವಾರವೇ ಆ ಪೆಟ್ಟಿಗೆ ತಂದಿಟ್ಟಿದ್ದಳು. ಹೆಸರು ಫ್ಯೂಯೆಲ್ ಸೆಲ್. ಮೆಥನಾಲ್ ಬಾಟಲಿ ಸಿಕ್ಕಿಸಿದರೆ ಅದನ್ನು ಉರಿಸದೆಯೇ ಕರೆಂಟು ಮಾಡುತ್ತದಂತೆ. ಹೊಗೆಯಿಲ್ಲ, ಗದ್ದಲವಿಲ್ಲ, ಕಣ್ಣಿಗೆ ಕಾಣುವಂತೆ ಹೊರಬರುವುದು ನಾಲ್ಕು ಹನಿ ನೀರು. "ಭಾನುವಾರ ಅಂಕಲ್ ಯಂತ್ರವನ್ನ ಎರಡು ಗಂಟೆ ನಿಲ್ಲದೆ ನಡೆಸಿದರೆ, ನಮ್ಮ ಗೈಡ್ ಸರ್ ಇದನ್ನ ಬೆಟ್ಟಕ್ಕೆ ಒಯ್ಯೋಕೆ ಕೊಡ್ತಾರೆ ಆಂಟಿ. ನಿಂತುಹೋದರೆ ಮೂರು ವರ್ಷದ ಕೆಲಸ ಮತ್ತೆ ಮೊದಲಿಂದ" ಎಂದಳು. ಇನ್ನೂ ಏನೇನೋ ವಿವರಿಸಿದಳು. ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ. ನಾನು ಟೇಪು ಹಿಡಿದು ಪೆಟ್ಟಿಗೆಯ ಅಳತೆ ತೆಗೆಯುತ್ತಿದ್ದೆ.

ಯಾಕೆಂದರೆ ನಮ್ಮ ಮನೆಯಲ್ಲಿ ಬೋಳಾಗಿ ನಿಂತ ಯಂತ್ರವಿಲ್ಲ. ಮಿಕ್ಸಿಗೆ ಹೊದಿಕೆ, ಟಿವಿಗೆ ಹೊದಿಕೆ, ಫ್ರಿಜ್ಜಿನ ತಲೆಗೆ ಜೇಬುಗಳಿರುವ ಹೊದಿಕೆ. "ಪುಣ್ಯಕ್ಕೆ ನಾನು ಓಡಾಡ್ತಾ ಇದ್ದೀನಿ, ಇಲ್ಲದಿದ್ದರೆ ನನಗೂ ಒಂದು ಹೊಲೀತಿದ್ದಳು" ಎಂದು ಇವರು ಬಂದವರಿಗೆಲ್ಲ ಹೇಳುತ್ತಾರೆ. ದೆಹಲಿಯ ಬೇಸಿಗೆಯ ಧೂಳು ಕಂಡವರು ನನ್ನನ್ನು ನೋಡಿ ನಗುವುದಿಲ್ಲ.

ಎರಡಕ್ಕೆ ಸರಿಯಾಗಿ ಇವರು ಯಂತ್ರದ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿಕೊಂಡು ಮಲಗಿದರು. ಹೇಳಿದ ಹೊತ್ತಿಗೆ ನಿದ್ದೆ ಮಾಡುವುದರಲ್ಲಿ ಇವರಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಎರಡೂ ಐದಕ್ಕೆ ಎಂದಿನಂತೆ ಲೈಟು ಹೋಯಿತು. ಸುತ್ತಲಿನ ಬಾಲ್ಕನಿಗಳಲ್ಲಿ ಜನರೇಟರುಗಳು ಒದರತೊಡಗಿದವು. ನಮ್ಮ ಪೆಟ್ಟಿಗೆ ಮಾತ್ರ ವ್ರತ ಹಿಡಿದವರಂತೆ ಮೌನ. ಪಕ್ಕದ ಬಾಲ್ಕನಿಯಿಂದ ಶರ್ಮಾ ಅವರ ಹೆಂಡತಿ, "ಭಾಭೀಜಿ, ಆಪ್ ಕಾ ಜನರೇಟರ್ ಖರಾಬ್ ಹೋ ಗಯಾ ಕ್ಯಾ?" ಎಂದು, ನಮ್ಮದು ಕೆಟ್ಟುಹೋಗಿದೆಯೆಂದೇ ತಿಳಿದು ಮರುಕಪಟ್ಟರು. ಕರೆಂಟಿಗೆ ಸದ್ದೇ ಸಾಕ್ಷಿ ಎಂದು ನಂಬಿದ ಬೀದಿ ನಮ್ಮದು.

ನಸ್ರೀನ್ ತನ್ನ ಸರ್‌ಗೆ ಫೋನ್ ಮಾಡಲು ಕೆಳಗಿಳಿದಳು. ಬಿಸಿಗಾಳಿ ಧೂಳು ತರುತ್ತಿತ್ತು. ಗಿಳಿಗಳ ಕಸೂತಿಯ ಹೊಸ ಹೊದಿಕೆಯನ್ನು ಪೆಟ್ಟಿಗೆಗೆ ತೊಡಿಸಿದೆ. ಒಂದು ಎಳೆಯೂ ಸಡಿಲವಿಲ್ಲದೆ ಕೂತಿತು.

ಎರಡೂ ನಲವತ್ತಕ್ಕೆ ಗೊರಕೆ ಕೇಳಿಸಿತು. ಗೊರಕೆ ಬಂತೆಂದರೆ ಯಂತ್ರ ನಿಂತಿದೆ ಎಂದೇ ಅರ್ಥ. ಇವರನ್ನು ಅಲುಗಾಡಿಸಿ ಎಬ್ಬಿಸಿದೆ. ನಸ್ರೀನ್ ಮೆಟ್ಟಿಲು ಹತ್ತುವ ಸದ್ದು. ಯಾರಾದರೂ ಯಂತ್ರ ನೋಡಲು ಬಂದರೆ ಹೊದಿಕೆ ತೆಗೆಯುವುದು ನನ್ನ ಕೈಯ ಅಭ್ಯಾಸ. ತೆಗೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡೆ.

ಅವಳು ಬಾಟಲಿ ನೋಡಿದಳು, ತಂತಿ ನೋಡಿದಳು, ನೆಲದ ಮೇಲೆ ಕುಳಿತುಬಿಟ್ಟಳು. "ಎಲ್ಲಾ ಸರಿಯಿದೆ ಆಂಟಿ. ಅಂದ್ರೆ ಒಳಗೇ ಕೆಟ್ಟಿದೆ. ಸರ್‌ಗೆ ಫೇಲ್ ಅಂತ ಹೇಳಿಬಿಡ್ತೀನಿ."

"ಬೆಟ್ಟ ಎಲ್ಲೂ ಓಡಿಹೋಗಲ್ಲಮ್ಮಾ" ಎಂದರು ಇವರು, ಗೋಡೆಯ ಕಡೆ ನೋಡುತ್ತಾ.

"ಗಾಳಿ ಸಿಗದಿದ್ರೆ ಹೀಗೆ ನಿಲ್ಲತ್ತೆ. ಆದ್ರೆ ಇಲ್ಲಿ ಗಾಳಿಗೇನು ಕೊರತೆ? ಇದೂ ಅಂಕಲ್ ಥರಾನೇ, ಉಸಿರಾಡಬೇಕು" ಎಂದು ಅವಳು ಫೋನ್ ಒತ್ತತೊಡಗಿದಳು.

ನನ್ನ ಕಂಕುಳು ಬೆವರಿತು. ಮೂವತ್ತು ವರ್ಷ, ಬಂದ ಪ್ರತಿ ನರ್ಸಿಂಗ್ ಹುಡುಗಿಗೂ ನಾನು ಕಲಿಸಿದ ಮೊದಲ ಪಾಠ: ಮೊದಲು ಉಸಿರಿನ ದಾರಿ ನೋಡಿ, ಉಳಿದದ್ದೆಲ್ಲ ಆಮೇಲೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಫೋನ್ ಇಡು" ಎಂದೆ. ಗಿಳಿಗಳನ್ನು ಹೊರತೆಗೆದೆ.

ನಸ್ರೀನ್ ಹೊದಿಕೆ ನೋಡಿದಳು, ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿದ್ದೂ ನಗು ತಡೆಯಲಾಗಲಿಲ್ಲ. ಇವರಂತೂ ಎದ್ದು ಕುಳಿತು, "ಮೇಟ್ರನ್ ಸಾಹೇಬರೇ, ಪೇಷಂಟ್ ಬದುಕ್ತಾನಾ?" ಎಂದರು.

ಬದುಕಿತು. ಹತ್ತು ನಿಮಿಷ ತಣಿದ ಮೇಲೆ ಪೆಟ್ಟಿಗೆಯ ಹಸಿರು ದೀಪ ಮತ್ತೆ ಹತ್ತಿತು. ಮೂರೂ ಹತ್ತಕ್ಕೆ ಇವರು ವಿಜ್ಞಾನಕ್ಕಾಗಿ ಎರಡನೆಯ ಸಲ ನಿದ್ದೆ ಮಾಡಿದರು. ಐದೂ ಹತ್ತರವರೆಗೆ ಒಂದೇ ಒಂದು ಗೊರಕೆ ಇಲ್ಲ. ನಸ್ರೀನ್ ಫೋನಿನಲ್ಲಿ, "ಹೌದು ಸರ್, ಪೂರ್ತಿ ಎರಡು ಗಂಟೆ!" ಎಂದು ಕೂಗುತ್ತಿದ್ದಳು. ಮೊದಲ ಸಲ ನಿಂತದ್ದನ್ನೂ ಹೇಳಿದಳು. ಯಾರಿಂದ ಎಂದು ಹೇಳಲಿಲ್ಲ. ಇವರು ಆಗಲೇ ಅಟ್ಟದಿಂದ ಬೆಟ್ಟದ ಬೂಟು ಇಳಿಸಿ ಧೂಳು ಕೊಡವುತ್ತಿದ್ದರು. ಅದಕ್ಕೂ ಹೊದಿಕೆ ಇತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ.

ಐದೂ ಇಪ್ಪತ್ತಕ್ಕೆ ನೆಲದ ನಾಲ್ಕು ಹನಿ ನೀರು ಒರೆಸಿ, ಡ್ಯೂಟಿ ಪುಸ್ತಕ ತೆರೆದೆ. 'ಲೋಪ ಯಾರದು' ಎಂಬ ಅಂಕಣದಲ್ಲಿ ಇಷ್ಟು ವರ್ಷ ಬೇರೆಯವರ ಹೆಸರನ್ನು ದುಂಡಗೆ ಬರೆದ ಕೈ, ನನ್ನ ಹೆಸರನ್ನು ಮಾತ್ರ ಸ್ವಲ್ಪ ಗೀಚಿತು. ಪುಸ್ತಕ ಮುಚ್ಚಿದೆ. ಅದರ ಹೊದಿಕೆಯನ್ನು ಹಾಕಿ, ಗುಂಡಿ ಬಿಗಿದೆ.