ದ್ವಿಪಾದುಕಾ ಸಿದ್ಧಾಂತ

ಮನೆಯಲ್ಲಿ ಕೂತು ಕೆಲಸ ಮಾಡುವ ಗಂಡಸನ್ನು ಮನೆಯವರು ಕೆಲಸ ಮಾಡುವವನೆಂದು ಎಣಿಸುವುದಿಲ್ಲ, ಸುಮ್ಮನೆ ಕೂತವನೆಂದು ಎಣಿಸುತ್ತಾರೆ. ತೈನಾನ್ ಊರಿನ ಪೋಹಾನನ ಅಳಲು ಇಷ್ಟೇ. ಅವನು ಮಹಡಿಯ ಮೇಲೆ ಕೂತು ರೈಸ್ ಕುಕ್ಕರುಗಳಿಗೆ ಬಳಕೆಯ ಕೈಪಿಡಿ ಬರೆಯುತ್ತಿದ್ದ. (ಅನ್ನ ಮಾಡಲು ಬರುತ್ತಿರಲಿಲ್ಲ, ಅದು ಬೇರೆ ಇಲಾಖೆ.) ಕೆಳಗೆ ಹೆಂಡತಿ ಶ್ಯೂಲಾನಳ ತಿಂಡಿ ಅಂಗಡಿ. 'ಮುಚ್ಚಳ ತೆರೆಯುವ ಮುನ್ನ' ಎಂದು ಬರೆಯುವಷ್ಟರಲ್ಲಿ ಕೆಳಗಿನಿಂದ ಕೂಗು ಏಳುತ್ತಿತ್ತು.

"ರೀ, ಸೋಯಾ ಹಾಲು ಉಕ್ತಾ ಇದೆ, ಬಂದು ಇಳಿಸ್ರಿ."

"ನಾನು ಕೆಲಸದಲ್ಲಿದೀನಿ ಕಣೇ."

"ಕೂತೇ ಇದೀರಲ್ಲ? ಹಾಗೇ ಎದ್ದು ಬನ್ನಿ."

ಹೀಗಿರುವಾಗ ದೂರದ ರಾಜಧಾನಿ ತೈಪೆಯಲ್ಲಿದ್ದ ಅವನ ಕಛೇರಿಯಿಂದ ಆಜ್ಞೆ ಹೊರಟಿತು. ಮನೆಯನ್ನೂ ಕೆಲಸವನ್ನೂ ಬೇರೆ ಬೇರೆ ಇಡಬಲ್ಲವರು ಮಾತ್ರ ಮನೆಯಿಂದ ಕೆಲಸ ಮಾಡಬಹುದು. ಉಳಿದವರು ತೈಪೆಗೆ ಬಂದು ಕೋಣೆ ಹಿಡಿಯಲಿ. ಯಾರ ವಿಧಾನ ಏನೆಂದು ಮ್ಯಾನೇಜರ್ ಲ್ಯಾವ್ ಶುಕ್ರವಾರ ವಿಡಿಯೋದಲ್ಲಿ ವಿಚಾರಿಸುತ್ತಾರೆ. ಪೋಹಾನ್ ಆಜ್ಞೆಯನ್ನು ಎರಡೆರಡು ಸಲ ಓದಿದ. ಅವನಿಗೆ ಶ್ಯೂಲಾನಳ ಕೂಗು ಬೇಡವಾಗಿತ್ತೇ ಹೊರತು ಶ್ಯೂಲಾನಳನ್ನು ಬಿಟ್ಟಿರುವುದು ಆಗದ ಮಾತು. ಕೋಣೆಯಲ್ಲಿ ಶತಪಥ ಹಾಕಿ ಹಾಕಿ ಕೊನೆಗೆ ದ್ವಿಪಾದುಕಾ ಸಿದ್ಧಾಂತವನ್ನು ಕಂಡುಹಿಡಿದ.

"ನೋಡು, ಕಾಲಲ್ಲಿ ನೀಲಿ-ಬಿಳಿ ಹವಾಯಿ ಚಪ್ಪಲಿ ಇದ್ರೆ ನಾನು ಮನೇಲಿದೀನಿ. ಕರಿ ಬೂಟು ಇದ್ರೆ ತೈಪೆಗೆ ಹೋಗಿದೀನಿ ಅಂತ ತಿಳ್ಕೊ. ಯಾರು ಕೇಳಿದ್ರೂ ಹಾಗೇ ಹೇಳು."

"ಯಾರು ಕೇಳಿದ್ರೂ?"

"ಯಾರೇ ಕೇಳ್ಲಿ."

"ಆಯ್ತಪ್ಪ" ಅಂದಳು ಶ್ಯೂಲಾನ್. ಅಷ್ಟು ಬೇಗ ಒಪ್ಪಿದಾಗಲೇ ಅವನು ಎಚ್ಚರಗೊಳ್ಳಬೇಕಿತ್ತು.

ಮರುದಿನ ಬೂಟು ಕಟ್ಟಿ, ಹಿಂಬಾಗಿಲಿನಿಂದ ಹೊರಟು, ಗಲ್ಲಿಯನ್ನೊಂದು ಸುತ್ತು ಹಾಕಿ, ಅಂಗಡಿಯ ಮುಂಬಾಗಿಲಿನಿಂದ ಗಂಭೀರವಾಗಿ ಪ್ರವೇಶಿಸಿದ. ಶ್ಯೂಲಾನ್ ಕಾವಲಿಯಿಂದ ಕಣ್ಣೆತ್ತದೆ, "ಸುಂದರಾಂಗ, ಏನು ಕೊಡ್ಲಿ?" ಅಂದಳು. ತಿಂಡಿ ಅಂಗಡಿಯ ಹೆಂಗಸರು ಹಲ್ಲಿಲ್ಲದ ಮುದುಕನನ್ನೂ ಹಾಗೇ ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಆದರೂ ಮದುವೆಯಾದ ಮೇಲೆ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು, ಕಿವಿ ಬಿಸಿಯಾಯಿತು. ಮೊಟ್ಟೆ ರೊಟ್ಟಿ ಕೈಗಿತ್ತು ದುಡ್ಡು ಕೇಳಿದಳು.

"ನನ್ನ ಹತ್ರಾನೂ?"

"ನಮ್ಮನೆಯವರು ತೈಪೆಗೆ ಹೋಗಿದಾರೆ. ನೀವ್ಯಾರೋ ಗಿರಾಕಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ, ಹಿಂದಿನೋರು ಕಾಯ್ತಿದಾರೆ."

ಮಹಡಿಯ ಮೇಲೆ ಈಗ ಮೌನವೋ ಮೌನ. ಆ ಮೌನದಲ್ಲಿ ಪೋಹಾನನಿಗೆ ಒಂದು ಸಾಲೂ ಬರೆಯಲಾಗಲಿಲ್ಲ. ಹಾಲು ಉಕ್ಕಿತೋ, ಗ್ಯಾಸ್ ಮುಗಿಯಿತೋ, ಅವಳು ಯಾರ ಜೊತೆ ಅಷ್ಟೊಂದು ನಗುತ್ತಿದ್ದಾಳೋ. ಎದ್ದು ಮೆಟ್ಟಿಲ ತನಕ ಹೋಗುವುದು, ಬೂಟು ನೋಡಿಕೊಂಡು ವಾಪಸು ಬರುವುದು, ಇದೇ ಕೆಲಸವಾಯಿತು.

ಜೊತೆಗೆ ಕಸದ ಗಾಡಿಯ ಸಂಕಟ. ಅದು ಸಂಜೆ ರಾಗ ನುಡಿಸುತ್ತ ಬಂದಾಗ ಚೀಲ ಹಿಡಿದು ಓಡಬೇಕು. ಬೀದಿಯಲ್ಲಿಟ್ಟು ಬರುವಂತಿಲ್ಲ, ಗಾಡಿ ಯಾರಿಗೂ ಕಾಯುವುದಿಲ್ಲ. ಓಡುವುದು ಲಾಗಾಯ್ತಿನಿಂದ ಪೋಹಾನನ ಪಾಲಿನ ಕೆಲಸ. ತೈಪೆಯಲ್ಲಿರುವವನು ಓಡುವುದು ಹೇಗೆ? ಮೊಟ್ಟೆಚಿಪ್ಪಿನ ಚೀಲಗಳು ಹಿತ್ತಿಲಲ್ಲಿ ಪರ್ವತವಾದವು. ಅದರ ಪರಿಮಳ ಮಹಡಿಗೂ ಏರಿತು.

ಶುಕ್ರವಾರ ಸಂಜೆ ಪರದೆಯ ಮೇಲೆ ಮ್ಯಾನೇಜರ್ ಲ್ಯಾವ್ ಪ್ರತ್ಯಕ್ಷರಾದರು. ಪೋಹಾನ್ ಬೂಟುಗಾಲನ್ನು ಕ್ಯಾಮೆರಾಕ್ಕೆ ಎತ್ತಿ ತೋರಿಸಿ, "ಇದನ್ನ ಹಾಕ್ಕೊಂಡ್ರೆ ಸಾರ್, ಮನೆಯ ಒಂದು ಸದ್ದೂ ನನ್ನ ಕಿವಿಗೆ ಬೀಳೋದಿಲ್ಲ" ಎಂದ. ಗಲ್ಲಿಯ ತಿರುವಿನಲ್ಲಿ ಕಸದ ಗಾಡಿಯ ರಾಗ ಕೇಳಿಸಿತು. ಅವನು ಮಾತು ಮುಂದುವರಿಸಿದ. ರಾಗ ಹತ್ತಿರವಾಯಿತು, ಮಾತು ತೊದಲಿತು. ಆಮೇಲೆ ಏನಾಯಿತೆಂದು ಅವನಿಗೂ ತಿಳಿಯದು; ಪ್ರಜ್ಞೆ ಬಂದಾಗ ಎರಡೂ ಕೈಯಲ್ಲಿ ಚೀಲ ಹಿಡಿದು ಗಾಡಿಯ ಹಿಂದೆ ಓಡುತ್ತಿದ್ದ.

ಏದುಸಿರು ಬಿಡುತ್ತ ಮಹಡಿ ಹತ್ತಿದರೆ, ಧಡಧಡ ಸದ್ದು ಕೇಳಿ ಮೇಲೆ ಬಂದಿದ್ದ ಶ್ಯೂಲಾನ್ ಅವನ ಕುರ್ಚಿಯಲ್ಲಿ ಕೂತಿದ್ದಳು.

"ನಿಮ್ಮ ಯಜಮಾನ್ರು ಎಲ್ಲಿ ಮೇಡಂ?" ಎಂದು ಮ್ಯಾನೇಜರ್ ಕೇಳುತ್ತಿದ್ದರು.

"ತೈಪೆಯಲ್ಲಿದಾರೆ ಸಾರ್. ಬೂಟು ಹಾಕಿದ್ರೆ ತೈಪೆ. ಯಾರೇ ಕೇಳಿದ್ರೂ ಹಾಗೇ ಹೇಳು ಅಂದಿದಾರೆ."

"ತೈಪೆ ಅವರಿಗೆ ಒಗ್ಗಿದೆಯಾ?"

"ಚೆನ್ನಾಗೇ ಒಗ್ಗಿದೆ ಸಾರ್. ಈ ವಾರ ಒಂದು ಚೀಲ ಕಸಾನೂ ಎತ್ತಿಲ್ಲ."

"ಹಾಗಾದ್ರೆ ಸೋಮವಾರದಿಂದ ಅಲ್ಲೇ ಇರ್ಲಿ" ಅಂದರು ಮ್ಯಾನೇಜರ್. ಪರದೆ ಕಪ್ಪಾಯಿತು.

ಶ್ಯೂಲಾನ್ ಮೆಲ್ಲಗೆ ತಿರುಗಿದಳು. "ಏನ್ರೀ, ನಿಜವಾದ ತೈಪೆನಾ?"

ಸೋಮವಾರ ಬೆಳಗ್ಗೆ ರೈಲಿಗೆ ಹೊತ್ತಾಯಿತೆಂದು ಪೆಟ್ಟಿಗೆ ಹಿಡಿದು ಗಡಬಿಡಿಯಿಂದ ಇಳಿದು ಬಂದ. ಶ್ಯೂಲಾನ್ ಬಿಸಿ ಮೊಟ್ಟೆ ರೊಟ್ಟಿ ಕಟ್ಟಿಕೊಟ್ಟಳು. ವಾರದ ಅಭ್ಯಾಸಬಲದಿಂದ ಅವನು ದುಡ್ಡು ಚಾಚಿದ. ಅವಳು ಅವನನ್ನು ಮುಡಿಯಿಂದ ಅಡಿಯವರೆಗೆ ನೋಡಿದಳು. ಕಣ್ಣು ತುಂಬಿತ್ತು, ತುಟಿ ಅದುರುತ್ತಿತ್ತು.

"ದುಡ್ಡು ಬೇಡ. ಮನೇಲಿರೋರ ಹತ್ರ ತಗೊಳಲ್ಲ."

ಪೋಹಾನ್ ದುಡ್ಡನ್ನು ಜೇಬಿಗಿಳಿಸಿ ರೈಲಿಗೆ ಓಡಿದ. ದಾರಿಯುದ್ದಕ್ಕೂ ಅವಳ ಮಾತನ್ನೇ ಮೆಲುಕು ಹಾಕುತ್ತ, ಕಣ್ಣೊರೆಸಿಕೊಳ್ಳುತ್ತ ತೈಪೆ ಮುಟ್ಟಿದ. ಕಛೇರಿಯಲ್ಲಿ ಎಲ್ಲರೆದುರು ಮ್ಯಾನೇಜರ್ ಲ್ಯಾವ್ ಅವರಿಗೆ ತಲೆ ಬಾಗಿ ನಮಸ್ಕರಿಸಿದಾಗ ಅವನಿಗೆ ತನ್ನ ಕಾಲು ಕಂಡಿತು. ನೀಲಿ-ಬಿಳಿ ಹವಾಯಿ ಚಪ್ಪಲಿ.