ಕಪ್ಪು ಟಿನ್ನಿನ ತಪಾಸಣೆ

ಈ ಭಾನುವಾರ ಅತ್ತೆಗೆ ನನ್ನ ಕೈಯಾರೆ ಬ್ರೆಡ್ ಮಾಡಿ ತಿನ್ನಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. ಮಹಾಪುರುಷರ ಪ್ರತಿಜ್ಞೆಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

ನಾನು ಹೇಳಿ ಕೇಳಿ ನಗರಸಭೆಯ ಆರೋಗ್ಯ ನಿರೀಕ್ಷಕ. ಹೋಟೆಲುಗಳ ಅಡುಗೆಮನೆಗೆ ನುಗ್ಗಿ, ಬಾಣಲೆ ಬೋರಲು ಹಾಕಿಸಿ, ತಳ ನೋಡಿ ನೋಟಿಸು ಕೊಡುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಎಂಥೆಂಥ ಗಿರಿಜಾ ಮೀಸೆಯ ಬಾಣಸಿಗರು ನನ್ನೆದುರು ಬೆವರಿದ್ದಾರೆ. ಇಂಥವನ ಮನೆಯಲ್ಲೇ, ಓವನ್ನಿನ ಪಕ್ಕದಲ್ಲೇ, ಕಾಗೆಗಿಂತ ಕಪ್ಪಾದ ಒಂದು ತಗಡಿನ ಬ್ರೆಡ್ ಟಿನ್ನು! ಅತ್ತೆ ಮೂವತ್ತು ವರ್ಷ ಬ್ರೆಡ್ ಮಾಡಿದ ಟಿನ್ನು ಅದು. ಬೆರಳುಗಳು ಗಂಟು ಕಟ್ಟಿ ಹಿಟ್ಟು ನಾದಲಾಗದಂತಾದ ಮೇಲೆ ಮಗಳಿಗೆ ಕೊಟ್ಟಿದ್ದರು. ಮಗಳೋ, ಅದನ್ನು ತೊಳೆಯುವುದೇ ಇಲ್ಲ. ಬ್ರೆಡ್ ತೆಗೆಯುವುದು, ಬಟ್ಟೆಯಲ್ಲಿ ಒರೆಸುವುದು, ತೊಟ್ಟು ಎಣ್ಣೆ ಸವರಿ ಎತ್ತಿಡುವುದು. ಹೋಟೆಲಾಗಿದ್ದರೆ ಬಾಗಿಲಿಗೆ ಬೀಗ ಜಡಿಸುತ್ತಿದ್ದೆ. ಮನೆಯಲ್ಲವೇ, ಬೀಗ ನನ್ನ ಬಾಯಿಗೇ ಬಿತ್ತು.

ಅದಕ್ಕೇ ರಬ್ಬರಿನಂಥ ಸಿಲಿಕೋನಿನ ಹೊಸ ಟಿನ್ನು ತಂದೆ. ಗುಲಾಬಿ ಬಣ್ಣ, ಮಡಚಿದರೆ ಜೇಬಿನಲ್ಲಿ ಹಿಡಿಯುತ್ತದೆ, ಏನು ಹಾಕಿದರೂ ಅಂಟುವುದಿಲ್ಲವಂತೆ. ಇದು ನೋಡು ವಿಜ್ಞಾನ ಎಂದು ಅವಳ ಮುಂದೆ ಹಿಡಿದೆ. ಅವಳು ಎರಡು ಬೆರಳಲ್ಲಿ ಎತ್ತಿದಳು. ಅದು ಜೋತು ಬಿತ್ತು.

"ಇದಕ್ಕೆ ಬೆನ್ನುಮೂಳೆನೇ ಇಲ್ವಲ್ರೀ," ಎಂದಳು. "ನಿಮಗೆ ಒಳ್ಳೇ ಜೋಡಿ."

ಭಾನುವಾರ ಬೆಳಿಗ್ಗೆ ಅಮ್ಮನನ್ನು ಕರೆತರಲು ಬಸ್ಸಿಗೆ ಹೊರಟವಳು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಆ ಟಿನ್ನಿನ ಬ್ರೆಡ್ ತಿನ್ನೋಕೇ ಅಮ್ಮ ಬರ್ತಿರೋದು. ನಿಮ್ಮದು ಕೆಟ್ರೆ ಕೆಡ್ಲಿ, ಬಂದ್ಮೇಲೆ ನಾನು ಮಾಡ್ತೀನಿ. ಅದನ್ನ ಮಾತ್ರ ಮುಟ್ಟಬೇಡಿ."

ಮುಟ್ಟುವವನು ಯಾವನು! ಹಿಟ್ಟು ನಾದಿ ಎರಡು ಪಾಲು ಮಾಡಿದೆ. ಒಂದು ಪಾಲನ್ನು ಗುಲಾಬಿ ಟಿನ್ನಿಗೆ ತುಂಬಿಸಿ ಕಾದೆ. ಹಿಟ್ಟು ಉಬ್ಬಿತು, ಅದರ ಜೊತೆ ನಾನೂ ಉಬ್ಬಿದೆ. ಓವನ್ ಕಾಯಿಸಿ, ಎರಡೂ ಕೈಯಲ್ಲಿ ಟಿನ್ನಿನ ಎರಡೂ ತುದಿ ಹಿಡಿದು ಗಂಭೀರವಾಗಿ ಎತ್ತಿದೆ. ನಡು ಕುಸಿಯಿತು. ಅರ್ಧ ಹಿಟ್ಟು ಓವನ್ನಿನ ಬಾಗಿಲಿಗೆ, ಇನ್ನರ್ಧ ನನ್ನ ಚಪ್ಪಲಿಗೆ. ಗಾಬರಿಯಲ್ಲಿ ಕೈಬಿಟ್ಟ ಟಿನ್ನು ಓವನ್ನಿನೊಳಗೆ ಕೆಂಪಗೆ ಕಾದಿದ್ದ ಕಂಬಿಗೆ ತಗುಲಿ ಹೊಗೆಯಾಡಿತು. ಗಟ್ಟಿ ತಟ್ಟೆಯ ಮೇಲಿಟ್ಟೇ ಎತ್ತಬೇಕೆಂದು ಅದು ಬಂದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಊರಿಗೆಲ್ಲ ನೋಟಿಸು ಬರೆಯುವವನು ತಾನು ಓದುವುದುಂಟೇ?

ಇನ್ನೊಂದು ಪಾಲು ಹಿಟ್ಟು ಬಟ್ಟಲಲ್ಲಿ ಉಬ್ಬುತ್ತಿತ್ತು. ಅವರು ಬರಲು ಎರಡು ಗಂಟೆ ಬಾಕಿ. ಉಳಿದದ್ದು ಆ ಕಪ್ಪು ಟಿನ್ನು ಒಂದೇ. ಮುಟ್ಟಿದೆ. ಮುಟ್ಟಿದ ಮೇಲೆ ಆರೋಗ್ಯ ನಿರೀಕ್ಷಕನಿಗೆ ಹಾಗೇ ಬಿಡಲಾದೀತೇ? ಮೊದಲು ಸೋಪು. ಕಪ್ಪು ಜಗ್ಗಲಿಲ್ಲ. ಆಮೇಲೆ ಸ್ಟೀಲಿನ ನಾರು, ಅದರ ಮೇಲೆ ಪಾತ್ರೆ ಪುಡಿ, ಕೊನೆಗೆ ಬಡಗಿ ಬಿಟ್ಟುಹೋದ ಉಪ್ಪುಕಾಗದ! ಮುಕ್ಕಾಲು ಗಂಟೆಯ ಸಮರದ ನಂತರ ಟಿನ್ನು ಬೆಳ್ಳಿಯಂತೆ ಹೊಳೆಯಿತು. ಅದರಲ್ಲಿ ನನ್ನ ಮುಖ ಕಾಣಿಸಿತು, ಬಹಳ ಬುದ್ಧಿವಂತನ ಮುಖ. ಹೆಂಡತಿ ಮೆಚ್ಚಿ ಕಣ್ಣರಳಿಸುವುದನ್ನು ಊಹಿಸಿಕೊಂಡು ಎಣ್ಣೆ ಸವರಿದೆ, ಹಿಟ್ಟು ಹಾಕಿದೆ, ಬೇಯಿಸಿದೆ. ಮನೆಯೆಲ್ಲ ಘಮಘಮ.

ಟಿನ್ನನ್ನು ಬೋರಲು ಹಾಕಿದೆ. ಏನೂ ಬೀಳಲಿಲ್ಲ. ತಟ್ಟಿದೆ, ಕುಟ್ಟಿದೆ, ಚಾಕು ಆಡಿಸಿದೆ, ಸೌಟಿನ ಹಿಡಿಯಿಂದ ಮೀಟಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ ಜೋರಾಗಿ ಎಳೆದಾಗ ಮೇಲಿನ ಸಿಪ್ಪೆ ಮುಚ್ಚಳದ ಹಾಗೆ ಕೈಗೆ ಬಂತು, ಉಳಿದದ್ದು ತಗಡಿಗೇ ಅಂಟಿ ಕೂತಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಹೆಂಡತಿ ಟಿನ್ನನ್ನು ಕೈಗೆತ್ತಿಕೊಂಡಳು. ಹೊರಮೈಯನ್ನು ಬೆರಳಿಂದ ಸವರಿದಳು. ಬೈಯಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೈಯದೆ ಇದ್ದದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊಳೆ ಅಂದುಕೊಂಡೆ ಎಂದು ತೊದಲಿದೆ.

"ಕೊಳೆ ಅಲ್ಲ ಅಳಿಯಂದ್ರೇ," ಎಂದರು ಅತ್ತೆ, ಚೀಲ ಕೆಳಗಿಡುತ್ತಾ. "ಎಣ್ಣೆ ಕುಡಿದು, ಬೆಂಕಿ ತಿಂದು ಪಳಗಿದ್ದು. ಆ ಕಪ್ಪಿದ್ದಿದ್ದಕ್ಕೇ ಬ್ರೆಡ್ ಅಂಟ್ತಿರಲಿಲ್ಲ. ಹಂಗಾಗೋಕೆ ಮೂವತ್ತು ವರ್ಷ ಹಿಡೀತು."

ನನ್ನ ಕೈಯಲ್ಲಿದ್ದ ಸಿಪ್ಪೆಯನ್ನು ಇಸಿದುಕೊಂಡು, ಬೆಣ್ಣೆ ಹಚ್ಚಿ, ನಿಧಾನವಾಗಿ ತಿಂದರು. ಪರವಾಗಿಲ್ಲ, ಮತ್ತೆ ಪಳಗಿಸಬಹುದು ಎಂದರು. ಪಳಗಿಸುವುದು ಯಾರು ಎಂದು ಹೆಂಡತಿ ಕೇಳಲಿಲ್ಲ. ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದರು. ಮಾಡಿದ್ದುಣ್ಣೋ ಮಹಾರಾಯ!

ವಿಧಾನ ಬಹಳ ಸರಳ. ಟಿನ್ನಿಗೆ ಕಂಡೂ ಕಾಣದಷ್ಟು ಎಣ್ಣೆ ಸವರಬೇಕು, ಓವನ್ನಿನಲ್ಲಿ ಒಂದು ಗಂಟೆ ಕಾಯಿಸಬೇಕು, ಆರಲು ಬಿಡಬೇಕು, ಮತ್ತೆ ಸವರಬೇಕು. ಪ್ರತಿ ಭಾನುವಾರ ನಾಲ್ಕು ಸಲ. ಹಿಟ್ಟು ಹಾಕುವುದು ಯಾವಾಗ ಎಂದು ವಿನಯದಿಂದ ಕೇಳಿದೆ. ಮೊದಲು ಕಪ್ಪಾಗಲಿ, ಆಮೇಲೆ ನೋಡೋಣ ಎಂದರು ಅತ್ತೆ.

ಈಗ ಹದಿನಾಲ್ಕು ಭಾನುವಾರಗಳಾದವು. ಟಿನ್ನು ಗೋಧಿ ಬಣ್ಣಕ್ಕೆ ತಿರುಗಿದೆ, ನಾನು ಅದಕ್ಕಿಂತ ಕಪ್ಪಾಗಿದ್ದೇನೆ. ಮೊನ್ನೆ ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ನಾನು ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದನ್ನು ಕಂಡು ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟರು.

"ಪುಣ್ಯವಂತೆ ಕಣ್ರೀ ನೀವು! ಪ್ರತಿ ಭಾನುವಾರ ಏನೋ ಬೇಯಿಸ್ತಿರ್ತಾರಲ್ಲ ನಿಮ್ಮ ಯಜಮಾನ್ರು. ಏನದು?"

"ಖಾಲಿ ಟಿನ್ನು," ಎಂದಳು ನನ್ನ ಹೆಂಡತಿ. "ಅದೂ ಇನ್ನೂ ಸರಿಯಾಗಿ ಬರ್ತಿಲ್ಲ."