ಉತ್ತರದ ಗೋಡೆಗೊಂದು ಹೊದಿಕೆ

ಬೆಲಾರ್ಮಿನೊ ಹೊರಟಿದ್ದು ಬರೀ ಸಲಹೆ ಕೇಳಲು. ಬರಿಗೈಯಲ್ಲಿ ಹೋಗಬಾರದು ಅಂತ ಮೂರು ಬಾಟಲಿ ಸೇಬಿನ ಕಳ್ಳು ಕಂಕುಳಲ್ಲಿ ಇಟ್ಟುಕೊಂಡ ನೋಡಿ, ಎಡವಟ್ಟಾಗಿದ್ದು ಅಲ್ಲೇ.

ಅವನ ಮನೆಯ ಉತ್ತರದ ಗೋಡೆಯ ಹಲಗೆಗಳು ಕೊಳೆತು, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿದ್ದವು. ಚಿಲೋಯೆ ದ್ವೀಪಗಳಲ್ಲಿ ಮಳೆ ಆಕಾಶದಿಂದ ನೆಟ್ಟಗೆ ಬೀಳುವ ಮರ್ಯಾದಸ್ಥ ಮಳೆಯಲ್ಲ. ಉತ್ತರದ ಗಾಳಿಯ ಜೊತೆ ಸಮುದ್ರದ ಮೇಲಿಂದ ಅಡ್ಡಡ್ಡ ಬಂದು ಗೋಡೆಗೇ ಬಡಿಯುತ್ತದೆ. ಆ ಗೋಡೆಯ ಒಳಬದಿಗೆ ಒತ್ತಿಕೊಂಡೇ ಅವನ ಹೆಂಡತಿ ಎಡೆಲ್ಮೀರಳ ಮಂಚ. ಹೋದ ಚಳಿಗಾಲದಲ್ಲಿ ಅವಳನ್ನು ಹಿಡಿದ ಕೆಮ್ಮು ಬೇಸಿಗೆ ಬಂದು ಹೋದರೂ ಬಿಟ್ಟಿರಲಿಲ್ಲ.

ದೂರದ ತಾಲ್ಕಾದಲ್ಲಿದ್ದ ಅವಳ ತಂಗಿ ಒಟೀಲಿಯ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. "ಶನಿವಾರದ ದೋಣಿಗೆ ಬರ್ತೀನಿ ಭಾವ. ಅಕ್ಕನ ಕೋಣೆ ಬೆಚ್ಚಗೆ ಒಣಗಿದ್ರೆ ಸರಿ. ಇಲ್ಲಾಂದ್ರೆ ಅವಳನ್ನ ನನ್ ಜೊತೆ ಕರ್ಕೊಂಡು ಹೋಗ್ತೀನಿ. ಆಮೇಲೆ ನೀವು ಅಡ್ಡ ಬರಬಾರ್ದು."

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಬೆಲಾರ್ಮಿನೊ ಹೆಂಡತಿಯನ್ನು ಬಿಟ್ಟು ಒಂದು ವಾರ ಇದ್ದವನಲ್ಲ. ಹೇಗಾದರೂ ಮಾಡಿ ಗೋಡೆಗೆ ಹೊಸ ಹೊದಿಕೆ ಹಾಕಿಸಬೇಕು, ಆದರೆ ಯಾವುದು? ಅದನ್ನೇ ಕೇಳಲು ಭಾನುವಾರ ಮೂರು ಮನೆ ಹತ್ತಿ ಇಳಿದ.

ಮರದ ಹೆಂಚು ಸೀಳುವುದರಲ್ಲೇ ಬದುಕು ಸವೆಸಿದ್ದ ಮುದುಕ ದೊನ್ ಅಬ್ಸಲೋನ್, "ಗೋಡೆಗೆ ಆಲೆರ್ಸೆ ಮರದ ಹೆಂಚು ಬಿಟ್ರೆ ಬೇರೆ ಹೆಸರೇ ಎತ್ಬೇಡ" ಅಂದ. ಮೀನುದೋಣಿ ನಡೆಸುವ ತ್ರಾನ್ಸಿತೊ, "ಮರ ಅಂದ್ರೆ ಹುಳಕ್ಕೆ ಊಟ. ತಗಡು ಹೊಡಿ, ಕಣ್ಮುಚ್ಚಿ ಮಲಕ್ಕೊ" ಅಂದ. ಅಂಗಡಿಯ ನೊಲ್ಬೆರ್ತೊ ಇಬ್ಬರನ್ನೂ ಸೇರಿಸಿ ನಕ್ಕ. "ತಗಡು ಈ ಉಪ್ಪುಗಾಳಿಗೆ ತುಕ್ಕು ಹಿಡಿಯಲ್ವಾ? ಪ್ಲಾಸ್ಟಿಕ್ ಪಟ್ಟಿ ಬಂದಿದೆ ಮಾರಾಯ. ಕೊಳೆಯಲ್ಲ, ತುಕ್ಕಿಲ್ಲ, ಬಣ್ಣಾನೂ ಬೇಡ." ಬೆಲಾರ್ಮಿನೊ ಮೂವರಿಗೂ ತಲೆಯಾಡಿಸಿ, ಶನಿವಾರ ನಾದಿನಿ ಬರುವುದನ್ನೂ ಹೇಳಿ, ಮೂವರ ಮೇಜಿನ ಮೇಲೂ ಒಂದೊಂದು ಬಾಟಲಿ ಇಟ್ಟು ಬಂದ. ಟೋಪಿ ಮಳೆಗೆ ತೊಟ್ಟಿಕ್ಕುತ್ತಿದ್ದುದರಿಂದ ಅದನ್ನು ತೆಗೆದು ಕೈಯಲ್ಲಿ ಹಿಡಿದಿದ್ದ.

ಇಲ್ಲಿ ಟೋಪಿ ಕೈಯಲ್ಲಿ ಹಿಡಿದು, ಬಾಟಲಿ ತಂದು, ಮನೆ ಕೆಲಸದ ಮಾತೆತ್ತಿದವನು ಮಿಂಗಾ ಕರೆಯಲು ಬಂದ ಅಂತಲೇ ಲೆಕ್ಕ. ಮಿಂಗಾ ಅಂದರೆ ಊರವರೆಲ್ಲ ಬಂದು ಒಬ್ಬನ ಕೆಲಸ ಮಾಡಿಕೊಡುವುದು. ಕರೆದರೆ ಇಲ್ಲ ಅನ್ನುವಂತಿಲ್ಲ. ಬಂದವರ ಕೆಲಸಕ್ಕೆ ಮನೆಯವನು ಬಾಯಿ ಹಾಕುವಂತೆಯೂ ಇಲ್ಲ, ಹೊಟ್ಟೆತುಂಬ ಊಟ ಹಾಕಬೇಕು ಅಷ್ಟೆ. ಹುಟ್ಟಿದ ಮಗುವಿಗೂ ಗೊತ್ತಿರುವ ಈ ಸಂಗತಿ, ಹೆಂಡತಿಯ ಚಿಂತೆಯಲ್ಲಿ ಮುಳುಗಿದ್ದ ಬೆಲಾರ್ಮಿನೊಗೆ ಮಾತ್ರ ಹೊಳೆಯಲೇ ಇಲ್ಲ.

ಶನಿವಾರ ಬೆಳಗಾಗುವಷ್ಟರಲ್ಲಿ ನಾಯಿ ಬೊಗಳಿತು. ಬಾಗಿಲು ತೆರೆದರೆ ಅಂಗಳದಲ್ಲಿ ಮೂರು ಎತ್ತಿನ ಗಾಡಿ. ಒಂದರಲ್ಲಿ ಮರದ ಹೆಂಚು, ಒಂದರಲ್ಲಿ ತಗಡು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಪಟ್ಟಿ. ಸುತ್ತ ಸುತ್ತಿಗೆ ಹಿಡಿದ ಮೂವತ್ತು ಜನ.

"ಇವರ್ಯಾಕೆ ಬಂದಿದಾರೆ?" ಅಂತ ಅಬ್ಸಲೋನ್ ತಗಡಿನ ಕಡೆ ಗಲ್ಲ ಎತ್ತಿದ.

"ನನ್ನ ಕರೆದಿದಾನೆ, ಬಂದೆ. ನಿನ್ನನ್ಯಾರು ಕರೆದ್ರು?" ಅಂದ ತ್ರಾನ್ಸಿತೊ.

"ಟೋಪಿ ಕೈಲಿ ಹಿಡ್ಕೊಂಡು ನಮ್ಮನೆಗೆ ಬಂದಿದ್ದ," ಅಂದ ನೊಲ್ಬೆರ್ತೊ. "ನಮ್ಮನೆಗೂ," "ನಮ್ಮನೆಗೂ" ಅಂದರು ಉಳಿದಿಬ್ಬರು. ಮೂವತ್ತು ಜೊತೆ ಕಣ್ಣು ಬೆಲಾರ್ಮಿನೊ ಮೇಲೆ ತಿರುಗಿದವು.

"ನಾನು ಬರೀ ಕೇಳೋಕೆ..." ಅಂತ ಶುರು ಮಾಡಿದ. ಒಳಗಿಂದ ಕೆಮ್ಮು ಕೇಳಿತು, ಅದರ ಹಿಂದೆ ಎಡೆಲ್ಮೀರಳ ದನಿ. "ಮುದುಕಾ, ಬಂದೋರನ್ನ ಬಾಗಿಲಲ್ಲಿ ನಿಲ್ಲಿಸಿ ಮಾನ ಕಳೀಬೇಡ. ಕುರಿ ಕಡಿ."

ಕುರಿ ಕಡಿದ. ಒಂದು ಸಾಲದೆ ಎರಡು ಕಡಿದ. ಅಡುಗೆಮನೆಯ ಒಲೆಯ ಪಕ್ಕ ಎಡೆಲ್ಮೀರಳನ್ನು ಕಂಬಳಿ ಹೊದಿಸಿ ಕೂರಿಸಿದ. ಅವಳು ಕೂತಲ್ಲೇ ಆಲೂಗಡ್ಡೆ ತುರಿಯತೊಡಗಿದಳು. ಹೊರಗೆ ಉತ್ತರದ ಗೋಡೆ ಯಾರಿಗೆ ಅಂತ ಜಟಾಪಟಿ ನಡೆದಿತ್ತು. ಕೊನೆಗೆ ಅವಳೇ ಕಿಟಕಿಯಿಂದ ಕೂಗಿದಳು. "ಮನೆಗೇನು ಒಂದೇ ಗೋಡೆಯಾ? ಒಬ್ಬೊಬ್ರು ಒಂದೊಂದು ತಗೊಳ್ಳಿ. ಉತ್ತರದ್ದಕ್ಕೆ ಕಡ್ಡಿ ಎತ್ತಿ."

ಉದ್ದದ ಕಡ್ಡಿ ಅಬ್ಸಲೋನನ ಕೈಗೆ ಬಂತು. ಬೆಲಾರ್ಮಿನೊ ಗುಟ್ಟಾಗಿ ಶಿಲುಬೆ ಗುರುತು ಹಾಕಿಕೊಂಡ. ಅವನಿಗೂ ಉತ್ತರಕ್ಕೆ ಮರದ ಹೆಂಚೇ ಆಗಲಿ ಅಂತ ಆಸೆಯಿತ್ತು. ಪರವಾಗಿಲ್ಲ, ದೇವರು ಇದ್ದಾನೆ ಅನ್ನಿಸಿತು.

ದೇವರು ಇದ್ದನೋ ಏನೋ, ಹುರುಡೂ ಇತ್ತು. ತನ್ನ ಗೋಡೆ ಮೊದಲು ಮುಗಿಯಬೇಕು ಅಂತ ಮೂರು ಗುಂಪೂ ಏಕಕಾಲಕ್ಕೆ ಹಳೆ ಹಲಗೆ ಕಿತ್ತವು. ಯಾರದೂ ಅಲ್ಲದ ದಕ್ಷಿಣದ ಗೋಡೆಯನ್ನೂ ಯಾರೋ ಕಿತ್ತರು. ಒಂದು ಗಂಟೆಯಲ್ಲಿ ಮನೆ ಪುಕ್ಕ ಕಿತ್ತ ಕೋಳಿಯ ಹಾಗೆ ನಿಂತಿತು. ಕಂಬಗಳ ನಡುವೆ, ಒಳಹಲಗೆಗೆ ಅಂಟಿ, ಎಡೆಲ್ಮೀರ ವರ್ಷವರ್ಷವೂ ಕುರಿಯ ತುಪ್ಪಟ ಕತ್ತರಿಸಿದಾಗ ಮೇಲಿನ ಸಂದಿಯಿಂದ ತುರುಕಿದ್ದ ಉಣ್ಣೆ ದಪ್ಪಗೆ ಬೆಳ್ಳಗೆ ಕಾಣುತ್ತಿತ್ತು. ಮನೆಯಲ್ಲಿ ಇಷ್ಟಾದರೂ ಬೆಚ್ಚಗಿದ್ದುದು ಅದರಿಂದಲೇ.

ಆಗ ಮಳೆ ಬಂತು.

ಹೇಳಿ ಕೇಳಿ ಏಪ್ರಿಲ್ ಮಳೆ, ಆ ಕಡೆ ಚಳಿಗಾಲ ಶುರುವಾಗುವ ಹೊತ್ತಿನದು. ಗಾಳಿಯ ಜೊತೆ ಎರಡು ಗಂಟೆ ಹೊಡೆಯಿತು. ಬೆಲಾರ್ಮಿನೊ ದೋಣಿಯ ಹಾಯಿ, ಕಂಬಳಿ, ತನ್ನ ಕೋಟು ಎಲ್ಲ ತಂದು ಗೋಡೆಗೆ ಹಿಡಿದುಕೊಂಡು ಓಡಾಡಿದ. ಒಂದು ಕಡೆ ಮುಚ್ಚಿದರೆ ಮೂರು ಕಡೆ ಬಯಲು. ಉಣ್ಣೆ, ಹಾಲಿಗೆ ಹಾಕಿದ ಬ್ರೆಡ್ಡಿನ ಹಾಗೆ ಕುಡಿಯಿತು. ಕುಡಿದು ಬೂದಿಬಣ್ಣಕ್ಕೆ ತಿರುಗಿತು.

"ದೊನ್ ಅಬ್ಸಲೋನ್, ಇದು ಒಣಗೋ ತನಕ ಒಂಚೂರು ತಡೆಯೋಣ್ವಾ?"

"ತಡೆಯೋದಾ? ಹಾಗಾದ್ರೆ ಚಳಿಗಾಲ ಮುಗಿದ್ಮೇಲೆ ನವೆಂಬರಲ್ಲಿ ಬರ್ತೀವಿ ಬಿಡು," ಅಂದ ಮುದುಕ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ಮಳೆ ಬಂತು ಅಂತ ಇಲ್ಲಿ ಯಾರಾದ್ರೂ ಕೆಲಸ ನಿಲ್ಲಿಸಿದ್ದು ಕಂಡಿದೀಯಾ? ಹೋಗು, ಒಲೆ ನೋಡ್ಕೊ."

ಮಿಂಗಾದ ಕೆಲಸ. ಮನೆಯವನು ಬಾಯಿ ಹಾಕುವಂತಿಲ್ಲ. ಅವನು ಒಲೆ ನೋಡಿಕೊಂಡ. ಅವರು ಒದ್ದೆ ಉಣ್ಣೆಯ ಮೇಲೆ ಡಾಂಬರು ಕಾಗದ ಎರಡು ಸುತ್ತು ಎಳೆದು, ಅದರ ಮೇಲೆ ಮೂರು ಕಡೆ ಮೂರು ಥರ ಬಡಿದರು. ದಕ್ಷಿಣದ ಗೋಡೆಗೆ ಮೂವರೂ ಮಿಕ್ಕಿದ್ದನ್ನು ಹೊಡೆದರು. ಸಂದಿಗೊಂದು ಸೂಜಿ ತೂರುವಂತಿರಲಿಲ್ಲ. ಅಷ್ಟು ಚೆನ್ನಾದ ಕೆಲಸವನ್ನು ಆ ದ್ವೀಪ ಬಹಳ ಕಾಲದಿಂದ ಕಂಡಿರಲಿಲ್ಲ, ಅದು ಮಾತ್ರ ಸುಳ್ಳಲ್ಲ.

ಸಂಜೆ ನಾಲ್ಕರ ದೋಣಿಗೆ ಒಟೀಲಿಯ ಇಳಿದಳು. ಒಳಗೆ ಬಂದವಳೇ ನೇರ ಅಕ್ಕನ ಕೋಣೆಗೆ ನಡೆದಳು. ಅಬ್ಸಲೋನ್ ಹೊರಗಿಂದ ಉತ್ತರದ ಗೋಡೆಗೆ ಬಕೆಟ್ ಮೇಲೆ ಬಕೆಟ್ ನೀರು ಎರಚಿಸಿದ. "ನೋಡಮ್ಮ, ಒಂದು ಹನಿ ಒಳಗೆ ಬಂತಾ?"

"ಇಲ್ಲ, ಬಂದಿಲ್ಲ," ಅಂದಳು ಒಟೀಲಿಯ. ಬೆಲಾರ್ಮಿನೊನ ಎದೆ ಅರಳಿತು. ಅವಳು ಅಂಗೈಯನ್ನು ಒಳಹಲಗೆಗೆ ಒತ್ತಿದಳು. ಬೆರಳ ಸಂದಿಯಿಂದ ನೀರು ಮೊಣಕೈಗೆ ಇಳಿಯಿತು.

"ಇದೇನು ಭಾವ?"

"ಅದು... ಉಣ್ಣೆ. ಒಣಗತ್ತೆ."

"ಎಲ್ಲಿಂದ ಒಣಗತ್ತೆ? ಇವರು ನಾಲ್ಕೂ ಕಡೆ ಡಬ್ಬಿ ಮುಚ್ಚಿದ ಹಾಗೆ ಮುಚ್ಚಿದಾರೆ. ಹೊರಗಿನ ಹನಿ ಒಳಗೆ ಬರಲ್ಲ ಸರಿ, ಒಳಗಿನ ಹನಿ ಹೊರಗೆ ಹೋಗೋದೆಲ್ಲಿಂದ?"

"ಒಲೆ ಜೋರು ಮಾಡ್ತೀನಿ."

"ಮಾಡಿ. ಅಕ್ಕನ್ನ ಆವೀಲಿ ಬೇಯಿಸಿ."

"ಬಿಚ್ಚಿ, ಒಣಗಿಸಿ, ಆಮೇಲೆ..." ಅಂದವನು ಬಾಗಿಲ ಕಡೆ ನೋಡಿದ. ಅಬ್ಸಲೋನ್, ತ್ರಾನ್ಸಿತೊ, ನೊಲ್ಬೆರ್ತೊ ಮೂವರೂ ಅಲ್ಲಿದ್ದರು. ಬೆಳಗಿನಿಂದ ಒಂದು ಮಾತಿಗೂ ಒಪ್ಪದವರು ಈಗ, ನಮ್ಮ ಕೆಲಸ ಬಿಚ್ಚುತ್ತಾನಾ ಅನ್ನುವ ಒಂದೇ ಮುಖ ಹೊತ್ತು ನಿಂತಿದ್ದರು. ಹೊರಗೆ ಮತ್ತೆ ಮಳೆ ಹಿಡಿಯಿತು. ಅವನು ಹೆಂಡತಿಯ ಬಟ್ಟೆ ಗಂಟು ಕಟ್ಟಲು ಹೋದ.

ಎಡೆಲ್ಮೀರಳ ಗಂಟು ಚಿಕ್ಕದು. ಎರಡು ಉಡುಪು, ಜಪಮಾಲೆ, ಹೆಣೆಯುವ ಕಡ್ಡಿ. ಐದರ ದೋಣಿಗೆ ಅವಳನ್ನು ಅವನೇ ಎತ್ತಿಕೊಂಡು ಹೋದ. ಅವಳು ಅಷ್ಟು ಹಗುರಾಗಿದ್ದಾಳೆ ಅಂತ ಅವನಿಗೆ ಗೊತ್ತಿರಲಿಲ್ಲ.

"ನೀನೂ ಬಾರೋ ಮುದುಕ. ತಂಗಿ ಮನೇಲಿ ಜಾಗ ಇದೆ," ಅಂದಳು.

ಹೋಗಲು ಅವನ ಜೀವ ತುದಿಗಾಲಲ್ಲಿತ್ತು. ಆದರೆ ಮಿಂಗಾ ಉಂಡವನು ಮಿಂಗಾ ತೀರಿಸಬೇಕು. ಬಂದ ಪ್ರತಿಯೊಬ್ಬನ ಮನೆಗೂ ಒಂದೊಂದು ದಿನ ದುಡಿಯಲು ಹೋಗಬೇಕು. ಮೂವತ್ತು ಜನ ದಡದಲ್ಲೇ ನಿಂತು, ಅವನ ಹೆಂಡತಿಗೆ ಪ್ರೀತಿಯಿಂದ ಕೈ ಬೀಸುತ್ತಿದ್ದರು.

"ಹೇಗೆ ಬರಲಿ ಎಡೆಲ್ಮೀರ. ಎಲ್ಲರ ಆಲೂಗಡ್ಡೆ ಕೀಳೋದಿದೆ."

"ಹೌದಲ್ಲ," ಅಂದಳು. ಅವನ ಕೋಟಿನ ಗುಂಡಿ ಹಾಕಿದಳು. "ಕುರಿ ಸಾರು ಪಾತ್ರೇಲಿ ಉಳಿದಿದೆ. ಕಾಯಿಸ್ಕೊಂಡು ತಿನ್ನು."

ದೋಣಿ ಕಣ್ಮರೆಯಾಗುವವರೆಗೆ ಅವನು ನಿಂತಿದ್ದ. ಹಿಂದೆ ಅಬ್ಸಲೋನ್ ಬಂದು ಹೆಗಲ ಮೇಲೆ ಕೈಯಿಟ್ಟ. ಮುದುಕನಿಗೂ ಕಣ್ಣು ತುಂಬಿತ್ತು, ಏನಾದರೂ ಸಮಾಧಾನ ಹೇಳಬೇಕಿತ್ತು.

"ನೀನು ಚಿಂತೆ ಮಾಡ್ಬೇಡ ಮಗನೆ. ಆಲೆರ್ಸೆ ಹೆಂಚು ಅದು. ನೂರು ವರ್ಷ ಆದ್ರೂ ಏನೂ ಆಗಲ್ಲ."

"ನೂರು ವರ್ಷ ಯಾರು ಕೇಳಿದ್ರು, ದೊನ್ ಅಬ್ಸಲೋನ್," ಅಂದ ಬೆಲಾರ್ಮಿನೊ. "ನನಗೆ ಇದೊಂದು ಚಳಿಗಾಲ ಸಾಕಿತ್ತು."